ಕಟ್ಟಡದ ನಿರ್ಮಾಣ ವಿಧವನ್ನು ನಿರ್ಣಯಿಸುವ ಬಗೆ

ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 64ನೇ ಪ್ರಕರಣದ ಮೇರೆಗೆ, ಗ್ರಾಮ ಪಂಚಾಯಿತಿಯ ಲಿಖಿತ ಅನುಮತಿಯಿಲ್ಲದೆ ಯಾವ ವ್ಯಕ್ತಿಯೂ ಕಟ್ಟಡವನ್ನು ಕಟ್ಟುವಂತಿಲ್ಲ, ಇರುವ ಕಟ್ಟಡವನ್ನು ಮಾರ್ಪಡಿಸುವಂತಿಲ್ಲ, ಅದಕ್ಕೆ ಹೊಸ ಭಾಗವನ್ನು ಸೇರಿಸುವಂತಿಲ್ಲ. ಅನುಮತಿ ಕೋರಿ ಬಂದ ಅರ್ಜಿಗಳಲ್ಲಿ ನಿವೇಶನದ ಅಳತೆ, ಚಕ್ಕುಬಂದಿ, ನಮೂನೆ-9, ತೆರಿಗೆ ಪಾವತಿಯ ರಸೀದಿ ಮುಂತಾದವುಗಳನ್ನು ಎಚ್ಚರಿಕೆಯಿಂದ ನೋಡಲಾಗುತ್ತದೆ. ಕಟ್ಟಡ ಯಾವ ವಿಧದ ನಿರ್ಮಾಣವೆಂಬ ಪ್ರಶ್ನೆ ಬಂದಾಗ ಮಾತ್ರ ‘ಪಕ್ಕಾ’ ಎಂಬ ಒಂದೇ ಪದದಲ್ಲಿ ಉತ್ತರ ಮುಗಿದುಹೋಗುವುದುಂಟು.

‘ಪಕ್ಕಾ’, ‘ಕಚ್ಚಾ’ ಎಂಬವು ಜನಗಣತಿಗೂ ವಸತಿ ಯೋಜನೆಗಳ ಫಲಾನುಭವಿಗಳ ಆಯ್ಕೆಗೂ ತೆರಿಗೆ ನಿರ್ಧಾರಕ್ಕೂ ಉಪಯುಕ್ತವಾದ ಪದಗಳು. ಗೋಡೆ ಮತ್ತು ಮಾಡು ಎಷ್ಟು ಕಾಲ ಬಾಳಿಕೆ ಬರುವ ಸಾಮಗ್ರಿಯಿಂದ ಆಗಿವೆ ಎಂಬುದನ್ನು ಅವು ಹೇಳುತ್ತವೆ. ಕಟ್ಟಡ ಸಂಹಿತೆಯು ‘ನಿರ್ಮಾಣ ವಿಧ’ ಎಂದು ಕರೆಯುವುದು ಬೇರೆಯೇ ವಿಷಯ. ಬೆಂಕಿ ಬಿದ್ದಾಗ ಕಟ್ಟಡದ ಗೋಡೆ, ಕಂಬ, ತೊಲೆ, ಮಹಡಿ, ಮಾಡುಗಳು ಎಷ್ಟು ಹೊತ್ತು ಕುಸಿಯದೆ ನಿಲ್ಲುತ್ತವೆ ಎಂಬುದೇ ಅದರ ಅಳತೆಗೋಲು. ಈ ಎರಡು ವಿಂಗಡಣೆಗಳು ಒಂದಕ್ಕೊಂದು ಹೊಂದದಿರುವುದೂ ಉಂಟು. ತಗಡಿನ ಗೋಡೆ, ತಗಡಿನ ಮಾಡಿನ ಷೆಡ್ಡು ಜನಗಣತಿಯ ಲೆಕ್ಕದಲ್ಲಿ ಶಾಶ್ವತ ಕಟ್ಟಡ. ಬೆಂಕಿಯ ಲೆಕ್ಕದಲ್ಲಿ ಅದು ಬಹಳ ದುರ್ಬಲವಾದದ್ದು. ಕಚ್ಚಾ ಎನಿಸಿಕೊಂಡ ದಪ್ಪ ಮಣ್ಣಿನ ಗೋಡೆಯೋ ಉರಿಯುವ ವಸ್ತುವೇ ಅಲ್ಲ. ಅದರ ಶತ್ರು ಮಳೆ.

ಸಂಹಿತೆ ಮತ್ತು ಅದರ ಬಲ

ಭಾರತೀಯ ಮಾನಕ ಬ್ಯೂರೋ ಪ್ರಕಟಿಸಿರುವ ರಾಷ್ಟ್ರೀಯ ಕಟ್ಟಡ ಸಂಹಿತೆಯು ಮೊದಲು 1970ರಲ್ಲಿ ಹೊರಬಂದು, 1983, 2005 ಮತ್ತು 2016ರಲ್ಲಿ ಪರಿಷ್ಕೃತವಾಯಿತು. ಅಗ್ನಿ ಮತ್ತು ಜೀವ ಸುರಕ್ಷತೆಗೆ ಅದರ 4ನೇ ಭಾಗ ಮೀಸಲಾಗಿದೆ. ಸಂಹಿತೆ ತಾನಾಗಿಯೇ ಕಾನೂನಲ್ಲ. ರಾಜ್ಯದ ನಿಯಮಗಳೂ ಸ್ಥಳೀಯ ಸಂಸ್ಥೆಗಳ ಉಪವಿಧಿಗಳೂ ಅದನ್ನು ಎಷ್ಟರಮಟ್ಟಿಗೆ ಅಳವಡಿಸಿಕೊಂಡಿವೆಯೋ ಅಷ್ಟರಮಟ್ಟಿಗೆ ಅದು ಕಡ್ಡಾಯವಾಗುತ್ತದೆ. ಶಾಲೆಗಳ ವಿಷಯದಲ್ಲಿ ಮಾತ್ರ ಈ ಸಡಿಲಿಕೆ ಇಲ್ಲ. ಅವಿನಾಶ್ ಮೆಹರೋತ್ರಾ ಪ್ರಕರಣದಲ್ಲಿ 2009ರ ಏಪ್ರಿಲ್ 13ರಂದು ನೀಡಿದ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಶಾಲಾ ಕಟ್ಟಡಗಳು ಸಂಹಿತೆಯ ಸುರಕ್ಷತಾ ಮಾನದಂಡಗಳನ್ನು ಪಾಲಿಸಬೇಕೆಂದು ನಿರ್ದೇಶಿಸಿದೆ.

ಆ ತೀರ್ಪಿನ ಹಿಂದೆ ಇದ್ದದ್ದು ತಮಿಳುನಾಡಿನ ಕುಂಭಕೋಣದ ದುರಂತ. 2004ರ ಜುಲೈ 16ರಂದು ಅಲ್ಲಿನ ಶಾಲೆಯೊಂದರ ಅಡುಗೆಮನೆಯಲ್ಲಿ ಹೊತ್ತಿದ ಬೆಂಕಿ ಗರಿಯ ಮಾಡಿಗೆ ತಗುಲಿತು. ಉರಿಯುವ ಮಾಡು ತರಗತಿಯ ಮೇಲೆಯೇ ಕುಸಿಯಿತು. 94 ಮಕ್ಕಳು ಪ್ರಾಣ ಕಳೆದುಕೊಂಡರು. ಆ ಕಟ್ಟಡಕ್ಕೆ ಗಟ್ಟಿಯಾದ ಗೋಡೆಗಳಿದ್ದವು. ಅವನ್ನಷ್ಟೇ ನೋಡಿದವರು ಕಟ್ಟಡವನ್ನು ಪಕ್ಕಾ ಎಂದೇ ಬರೆದಿರುತ್ತಿದ್ದರು.

ನಿರೋಧ ಅವಧಿ ಎಂದರೇನು

ಸಂಹಿತೆಯು ನಿರ್ಮಾಣಗಳನ್ನು ವಿಧ-1, ವಿಧ-2, ವಿಧ-3, ವಿಧ-4 ಎಂದು ನಾಲ್ಕಾಗಿ ವಿಂಗಡಿಸುತ್ತದೆ. ವಿಧ-1 ಅತ್ಯಂತ ಹೆಚ್ಚು ಹೊತ್ತು ನಿಲ್ಲುವಂಥದು, ವಿಧ-4 ಅತ್ಯಂತ ಕಡಿಮೆ. ಕಟ್ಟಡದ ಪ್ರತಿಯೊಂದು ಅಂಗಕ್ಕೂ ನಿಮಿಷಗಳಲ್ಲಿ ಅಗ್ನಿ ನಿರೋಧ ಅವಧಿಯನ್ನು ಗೊತ್ತುಪಡಿಸಲಾಗಿದೆ.

ಈ ಅವಧಿ ಊಹೆಯಿಂದ ಬಂದದ್ದಲ್ಲ. ಗೋಡೆಯ ಅಥವಾ ಮಹಡಿಯ ಮಾದರಿಯನ್ನು ಪ್ರಯೋಗಾಲಯದ ಕುಲುಮೆಯಲ್ಲಿಟ್ಟು ಸುಡಲಾಗುತ್ತದೆ. ಕುಲುಮೆಯ ಶಾಖ ಅರ್ಧ ಗಂಟೆಯಲ್ಲಿ ಸುಮಾರು 840 ಡಿಗ್ರಿ, ಒಂದು ಗಂಟೆಯಲ್ಲಿ ಸುಮಾರು 945 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಮಾದರಿಯು ಹೊತ್ತ ಭಾರದೊಡನೆ ಕುಸಿಯಬಾರದು. ಬಿರುಕು ಬಿಟ್ಟು ಜ್ವಾಲೆಯನ್ನು ಆಚೆಗೆ ಹಾಯಗೊಡಬಾರದು. ಆಚೆಯ ಮುಖವು ಅಲ್ಲಿಗೆ ಒರಗಿಸಿಟ್ಟ ವಸ್ತುವಿಗೆ ಬೆಂಕಿ ಹತ್ತುವಷ್ಟು ಕಾಯಬಾರದು. ಹೀಗೆ ಎಷ್ಟು ನಿಮಿಷ ತಡೆಯಿತೋ ಅದೇ ಅದರ ನಿರೋಧ ಅವಧಿ. ಆ ನಿಮಿಷಗಳು ಒಳಗಿದ್ದವರು ಹೊರಬರಲು, ಅಗ್ನಿಶಾಮಕ ವಾಹನ ತಾಲ್ಲೂಕು ಕೇಂದ್ರದಿಂದ ಹಳ್ಳಿಗೆ ತಲುಪಲು ಸಿಗುವ ಸಮಯ. ಠಾಣೆ ದೂರವಿರುವ ಹಳ್ಳಿಗೆ ಈ ಲೆಕ್ಕ ಪಟ್ಟಣಕ್ಕಿಂತ ಹೆಚ್ಚು ಮುಖ್ಯವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಭಾರ ಹೊರುವ ಹೊರಗೋಡೆಗೆ ವಿಧ-1ರಲ್ಲಿ 240 ನಿಮಿಷ, ವಿಧ-2 ಮತ್ತು 3ರಲ್ಲಿ 120, ವಿಧ-4ರಲ್ಲಿ 60 ನಿಮಿಷ ಬೇಕು. ಒಂದಕ್ಕಿಂತ ಹೆಚ್ಚು ಮಹಡಿಯನ್ನು ಹೊರುವ ಒಳಗಿನ ಕಂಬಗಳಿಗೆ ವಿಧ-1ರಲ್ಲಿ 240, ಉಳಿದ ಮೂರರಲ್ಲಿಯೂ 120 ನಿಮಿಷ. ಮಹಡಿಗೆ ಕ್ರಮವಾಗಿ 180, 90, 60 ಮತ್ತು 60 ನಿಮಿಷ. ಮೆಟ್ಟಿಲಿನ ಸುತ್ತಣ ಗೋಡೆಗೂ ವಿದ್ಯುತ್ ತಂತಿ, ಕೊಳವೆಗಳು ಮೇಲಕ್ಕೆ ಹೋಗುವ ನಾಳಗಳ ಗೋಡೆಗೂ ನಾಲ್ಕೂ ವಿಧಗಳಲ್ಲಿ 120 ನಿಮಿಷವೇ. ಇಲ್ಲಿ ರಿಯಾಯಿತಿ ಇಲ್ಲದಿರುವುದಕ್ಕೆ ಕಾರಣವಿದೆ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ಸಂಭವಿಸಿದ ಅವಘಡದಲ್ಲಿ 9 ಮಂದಿ ಸತ್ತರು. ಕಟ್ಟಡ ಕುಸಿದಿರಲಿಲ್ಲ. ವಿದ್ಯುತ್ ನಾಳದ ಮೂಲಕ ಏರಿದ ಹೊಗೆ ಮೇಲಿನ ಮಹಡಿಗಳನ್ನು ತುಂಬಿಕೊಂಡಿತ್ತು.

ಅತಿ ದುರ್ಬಲ ಅಂಗವೇ ನಿರ್ಣಾಯಕ

ವಿಧವನ್ನು ನಿರ್ಣಯಿಸುವಾಗ ಅಂಗಗಳ ಸರಾಸರಿ ತೆಗೆಯುವಂತಿಲ್ಲ. ಕಟ್ಟಡವು ಒಂದು ವಿಧಕ್ಕೆ ಸೇರಬೇಕಾದರೆ ಅದರ ಎಲ್ಲ ಅಂಗಗಳೂ ಆ ವಿಧದ ಅವಧಿಯನ್ನು ಮುಟ್ಟಿರಬೇಕು. ಒಂದು ಅಂಗ ಹಿಂದೆ ಬಿದ್ದರೂ ಇಡೀ ಕಟ್ಟಡ ಆ ಅಂಗದ ಮಟ್ಟಕ್ಕೆ ಇಳಿಯುತ್ತದೆ.

ಒಂದು ಸಾಮಾನ್ಯ ಮನೆಯನ್ನು ತೆಗೆದುಕೊಳ್ಳಬಹುದು. 9 ಇಂಚಿನ ಸುಟ್ಟ ಇಟ್ಟಿಗೆಯ ಗೋಡೆ, ಅದರ ಮೇಲೆ 4 ಇಂಚಿನ ಕಾಂಕ್ರೀಟ್ ತಾರಸಿ, ಮೇಲೊಂದು ಮಹಡಿ. ಇಂಥ ಗೋಡೆಗೆ 240 ನಿಮಿಷದ ನಿರೋಧವಿರುತ್ತದೆ. ಅಷ್ಟನ್ನೇ ನೋಡಿದರೆ ಮನೆ ವಿಧ-1. ತಾರಸಿಯ ಕಥೆ ಬೇರೆ. ಕಾಂಕ್ರೀಟಿಗೆ ಸಂಬಂಧಿಸಿದ ಐಎಸ್ 456:2000 ಮಾನಕದ ಪ್ರಕಾರ 60 ನಿಮಿಷಕ್ಕೆ 95 ಮಿಲಿಮೀಟರ್, 90 ನಿಮಿಷಕ್ಕೆ 110, 120 ನಿಮಿಷಕ್ಕೆ 125, 180 ನಿಮಿಷಕ್ಕೆ 150 ಮಿಲಿಮೀಟರ್ ದಪ್ಪದ ತಾರಸಿ ಬೇಕು. 4 ಇಂಚು ಎಂದರೆ ಸುಮಾರು 100 ಮಿಲಿಮೀಟರ್. ಆದ್ದರಿಂದ ಅದರ ನಿರೋಧ 60 ನಿಮಿಷ. ಮಹಡಿಗೆ 60 ನಿಮಿಷ ಸಾಕೆನ್ನುವುದು ವಿಧ-3. ಗೋಡೆ ಎಷ್ಟೇ ಗಟ್ಟಿಯಾಗಿದ್ದರೂ ಈ ಮನೆ ವಿಧ-3ಕ್ಕಿಂತ ಮೇಲೇರದು.

ದಪ್ಪವೊಂದೇ ಸಾಲದು. ತಾರಸಿಯ ಅಡಿಯಲ್ಲಿ ಕಬ್ಬಿಣದ ಸರಳನ್ನು ಮುಚ್ಚಿರುವ ಕಾಂಕ್ರೀಟಿನ ಪದರವೂ ಲೆಕ್ಕಕ್ಕೆ ಬರುತ್ತದೆ. ಮೇಸ್ತ್ರಿಗಳು ಇದನ್ನು ‘ಕವರ್’ ಎನ್ನುತ್ತಾರೆ. ಎರಡು ಗೋಡೆಗಳ ಮೇಲೆ ಸರಳವಾಗಿ ಕುಳಿತ ತಾರಸಿಗೆ 60 ನಿಮಿಷಕ್ಕೆ 20 ಮಿಲಿಮೀಟರ್ ಕವರ್ ಸಾಕು, 90 ನಿಮಿಷಕ್ಕೆ 25, 120 ನಿಮಿಷಕ್ಕೆ 35 ಮಿಲಿಮೀಟರ್ ಬೇಕು. 5 ಇಂಚಿನ ತಾರಸಿ ಹಾಕಿ 20 ಮಿಲಿಮೀಟರ್ ಕವರ್ ಬಿಟ್ಟರೆ ದಪ್ಪದ ಲೆಕ್ಕದಲ್ಲಿ 120 ನಿಮಿಷ, ಕವರ್ ಲೆಕ್ಕದಲ್ಲಿ 60 ನಿಮಿಷ. ಗಣನೆಗೆ ಬರುವುದು 60. ಕಾಂಕ್ರೀಟ್ ಹಾಕುವಾಗ ಕವರ್ ಬ್ಲಾಕುಗಳನ್ನು ಇಡದೆ ಸರಳುಗಳನ್ನು ಹಲಗೆಯ ಮೇಲೆಯೇ ಮಲಗಿಸಿದಲ್ಲಿ ಆ 60 ಕೂಡ ಉಳಿಯದು. ಸರಳಿನ ಶಕ್ತಿ ಸುಮಾರು 550 ಡಿಗ್ರಿಯ ಹೊತ್ತಿಗೆ ಅರ್ಧದಷ್ಟು ಕುಂದುತ್ತದೆ. ಕವರ್ ಮಾಡುವ ಕೆಲಸವೆಂದರೆ ಆ ಶಾಖ ಸರಳಿಗೆ ಬೇಗ ಮುಟ್ಟದಂತೆ ತಡೆಯುವುದು.

ಕಂಬ ಅದೇ, ವಿಧ ಬೇರೆ

ಗ್ರಾಮ ಪಂಚಾಯಿತಿಗಳ ಮುಂದೆ ಬರುವ ಮಾರ್ಪಾಡಿನ ಅರ್ಜಿಗಳಲ್ಲಿ ನೆಲಮಹಡಿಯನ್ನು ಅಂಗಡಿಯಾಗಿ ಪರಿವರ್ತಿಸುವ ಕೋರಿಕೆ ಮೇಲುನೋಟಕ್ಕೆ ತೀರ ಸಣ್ಣದಾಗಿ ಕಾಣುತ್ತದೆ. ಅತ್ಯಂತ ಹೆಚ್ಚು ಗಮನ ಬೇಡುವುದೂ ಅದೇ.

ಐಎಸ್ 456 ಕಂಬಗಳ ಕನಿಷ್ಠ ಅಗಲವನ್ನು ಅವು ಎಷ್ಟರಮಟ್ಟಿಗೆ ಬೆಂಕಿಗೆ ತೆರೆದುಕೊಂಡಿವೆ ಎಂಬುದರ ಮೇಲೆ ನಿರ್ಧರಿಸುತ್ತದೆ. ನಾಲ್ಕೂ ಕಡೆ ತೆರೆದ ಕಂಬಕ್ಕೆ 60 ನಿಮಿಷಕ್ಕೆ 200 ಮಿಲಿಮೀಟರ್, 90 ನಿಮಿಷಕ್ಕೆ 250, 120 ನಿಮಿಷಕ್ಕೆ 300 ಮಿಲಿಮೀಟರ್ ಅಗಲ ಬೇಕು. ಅದೇ ಕಂಬದ ಅರ್ಧಭಾಗ ಗೋಡೆಯಲ್ಲಿ ಹುದುಗಿದ್ದು, ಗೋಡೆಯೂ ಅಷ್ಟು ಹೊತ್ತು ನಿಲ್ಲುವಂತಿದ್ದರೆ 120 ನಿಮಿಷಕ್ಕೆ 200 ಮಿಲಿಮೀಟರ್ ಸಾಕು. ಒಂದೇ ಮುಖ ತೆರೆದಿದ್ದರೆ 160 ಮಿಲಿಮೀಟರ್ ಸಾಕು.

ಹಳ್ಳಿಗಳಲ್ಲಿ ಕಟ್ಟುವ ಕಂಬದ ಕಿರಿದಾದ ಬದಿ ಸಾಮಾನ್ಯವಾಗಿ 9 ಇಂಚು, ಅಂದರೆ 230 ಮಿಲಿಮೀಟರ್. ನೆಲಮಹಡಿ ಮತ್ತು ಮೇಲೆ ಎರಡು ಮಹಡಿಗಳ ಮನೆಯೊಂದರಲ್ಲಿ ಇಂಥ ಕಂಬಗಳ ನಡುವೆ ಇಟ್ಟಿಗೆಯ ಗೋಡೆಗಳಿದ್ದಾಗ ಅವು 120 ನಿಮಿಷದ ಮಟ್ಟವನ್ನು ಮುಟ್ಟುತ್ತವೆ. ಮನೆ ವಿಧ-3ರಲ್ಲಿ ನಿಲ್ಲುತ್ತದೆ. ಮಾಲೀಕರು ನೆಲಮಹಡಿಯ ಒಳಗೋಡೆಗಳನ್ನು ತೆಗೆಸಿ, ಮುಂದೆ ಶಟರ್ ಹಾಕಿಸಿ ಅಂಗಡಿಗೆ ಬಾಡಿಗೆ ಕೊಟ್ಟರೆಂದು ಇಟ್ಟುಕೊಳ್ಳೋಣ. ಕಂಬಗಳನ್ನು ಯಾರೂ ಮುಟ್ಟಿಲ್ಲ. ಈಗ ಮಾತ್ರ ಅವು ನಾಲ್ಕೂ ಕಡೆ ತೆರೆದ ಕಂಬಗಳು. 230 ಮಿಲಿಮೀಟರಿನ ಕಂಬಕ್ಕೆ ಸಿಗುವುದು 60 ನಿಮಿಷ. ಒಂದಕ್ಕಿಂತ ಹೆಚ್ಚು ಮಹಡಿಯನ್ನು ಹೊತ್ತ ಕಂಬಕ್ಕೆ ವಿಧ-4ರಲ್ಲಿಯೂ 120 ನಿಮಿಷ ಬೇಕಾದ್ದರಿಂದ ಕಟ್ಟಡವು ನಾಲ್ಕು ವಿಧಗಳಿಂದಲೂ ಹೊರಗುಳಿಯುತ್ತದೆ. ಕೆಳಗೆ ಬಣ್ಣ, ಪ್ಲಾಸ್ಟಿಕ್, ಹಾಸಿಗೆಗಳ ದಾಸ್ತಾನು, ಮೇಲೆ ನಿದ್ರಿಸುವ ಸಂಸಾರ. ತೆರಿಗೆ ವಹಿಯಲ್ಲಿ ಅದು ಇಂದಿಗೂ ಪಕ್ಕಾ ಕಟ್ಟಡವೇ.

ಇಂಥ ಅರ್ಜಿಯನ್ನು ತಿರಸ್ಕರಿಸಲೇಬೇಕೆಂದಿಲ್ಲ. ಕಂಬದ ಸುತ್ತ ಇಟ್ಟಿಗೆಯನ್ನು ಕಟ್ಟಿ, ಅಥವಾ ಎಂಜಿನಿಯರ್ ಸೂಚಿಸಿದ ದಪ್ಪಕ್ಕೆ ಕಾಂಕ್ರೀಟ್ ಹೊದಿಸಿ ನಿರೋಧವನ್ನು ಏರಿಸಬಹುದು. ಖರ್ಚು ದೊಡ್ಡದಲ್ಲ, ಅನುಮತಿ ಪತ್ರದ ಷರತ್ತಿನಲ್ಲಿ ಅದು ಬರೆದಿರಬೇಕಷ್ಟೆ.

ನಾಡಿನ ಸಾಮಗ್ರಿಗಳು

ಮರದ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಮರ ಉರಿಯುತ್ತದೆ, ಆದ್ದರಿಂದ ಮರದ ಕಟ್ಟಡವೆಲ್ಲ ಒಂದೇ ಎಂದು ಭಾವಿಸಲಾಗುತ್ತದೆ. ಮರವು ಬೆಂಕಿಯಲ್ಲಿ ನಿಮಿಷಕ್ಕೆ ಸುಮಾರು 0.7 ಮಿಲಿಮೀಟರಿನಂತೆ ಹೊರಗಿನಿಂದ ಇದ್ದಿಲಾಗುತ್ತ ಹೋಗುತ್ತದೆ. ಆ ಇದ್ದಿಲು ಒಳಗಿನ ತಿರುಳನ್ನು ಶಾಖದಿಂದ ಸ್ವಲ್ಪಮಟ್ಟಿಗೆ ಕಾಯುತ್ತದೆ. ಹಳೆಯ ತೊಟ್ಟಿಮನೆಯ 9 ಇಂಚಿನ ಕಂಬದಲ್ಲಿ ಒಂದು ಗಂಟೆಯ ನಂತರವೂ ಸುಮಾರು 140 ಮಿಲಿಮೀಟರ್ ತಿರುಳು ಉಳಿದಿರುತ್ತದೆ. ಮಂಗಳೂರು ಹಂಚಿನ ಮಾಡಿನ ಒಂದು ಇಂಚಿನ ರೀಪು ಎರಡೂ ಕಡೆಯಿಂದ ಉರಿದರೆ 20 ನಿಮಿಷದೊಳಗೆ ಪೂರ್ಣ ಬೂದಿ. ಎರಡು ಇಂಚಿನ ಪಕಾಸಿಗೆ 35 ನಿಮಿಷದ ಆಸುಪಾಸು, ಆದರೆ ಅದಕ್ಕಿಂತ ಬಹಳ ಮೊದಲೇ ಅದು ಹಂಚಿನ ಭಾರಕ್ಕೆ ಮುರಿದಿರುತ್ತದೆ. ಹಂಚು ಉರಿಯುವುದಿಲ್ಲ, ಅದನ್ನು ಹೊತ್ತದ್ದು ಉರಿಯುತ್ತದೆ.

5 ಮೀಟರ್ ಅಥವಾ ಅದಕ್ಕಿಂತ ಕಡಿಮೆ ಎತ್ತರದ ಮಾಡಿಗೆ ವಿಧ-4ರಲ್ಲಿಯೂ 60 ನಿಮಿಷ ಬೇಕಾಗಿರುವುದರಿಂದ ಕರಾವಳಿ, ಮಲೆನಾಡಿನ ಅಸಂಖ್ಯ ಹಂಚಿನ ಮನೆಗಳು ನಾಲ್ಕು ವಿಧಗಳಲ್ಲಿ ಯಾವುದಕ್ಕೂ ಸೇರುವುದಿಲ್ಲ. ಹಾಗೆಂದು ಅವು ವಾಸಕ್ಕೆ ಅಯೋಗ್ಯವೆಂದು ಹೇಳುವುದು ಅವಿವೇಕ. ನಾಲ್ಕೈದು ಜನ ವಾಸಿಸುವ, ನೆಲಮಟ್ಟದಲ್ಲೇ ಎರಡು ಬಾಗಿಲುಗಳಿರುವ ಮನೆಯಿಂದ ಕ್ಷಣದಲ್ಲಿ ಹೊರಬರಬಹುದು. ಅದೇ ಮಾಡಿನಡಿ ಅಂಗನವಾಡಿ ನಡೆಸುವುದು, ಅಟ್ಟದ ಮೇಲೆ ಟ್ಯೂಷನ್ ತರಗತಿ ಇಡುವುದು ಬೇರೆ ಮಾತು.

ಕಲ್ಯಾಣ ಕರ್ನಾಟಕದ ಕಲ್ಲುಚಪ್ಪಡಿಯ ಮಾಡು, ಉತ್ತರದ ಜಿಲ್ಲೆಗಳ ಮಣ್ಣಿನ ಮಾಳಿಗೆಗಳನ್ನೂ ಹೀಗೆಯೇ ಬಿಡಿಸಿ ನೋಡಬೇಕು. ಮಾಳಿಗೆಯ ಮೇಲಿನ ಮಣ್ಣು ಬೆಂಕಿಯನ್ನು ತಡೆಯುತ್ತದೆ, ಅದರಡಿಯ ಜಂತಿ ತಡೆಯುವುದಿಲ್ಲ. ಚಪ್ಪಡಿಯೊಳಗೆ ಸರಳಿಲ್ಲ. ಅಡಿಯಿಂದ ಒಮ್ಮೆಲೆ ಕಾದಾಗ ಸೀಳಿ ಬೀಳಬಹುದು. ಸಿಮೆಂಟ್ ಶೀಟು ಉರಿಯದಿದ್ದರೂ ಕಾದಾಗ ಸಿಡಿದು ಚೂರಾಗುತ್ತದೆ.

ಅಗ್ನಿ ನಿರೋಧವನ್ನು ಒಟ್ಟು ಗಟ್ಟಿತನವೆಂದು ತಿಳಿಯಲೂಬಾರದು. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪದಲ್ಲಿ ಲಾತೂರ್, ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಸಾವಿರಾರು ಜನರ ಮೇಲೆ ಕುಸಿದದ್ದು ಕೆಸರುಗಾರೆಯಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆಗಳು ಮತ್ತು ಭಾರಿ ಮಣ್ಣಿನ ಮಾಳಿಗೆಗಳು. ಬೆಂಕಿಗೆ ಆ ಗೋಡೆಗಳು ಹೆದರುತ್ತಿರಲಿಲ್ಲ. ಭೂಕಂಪ ನಿರೋಧಕ್ಕೆ ಬೇರೆ ಮಾನಕಗಳಿವೆ, ಅವುಗಳ ಪರಿಶೀಲನೆಯನ್ನು ಬೇರೆಯಾಗಿಯೇ ಮಾಡಬೇಕು.

ಕಲ್ಯಾಣಮಂಟಪಗಳು ಮತ್ತು ಉಕ್ಕು

ಈಚಿನ ವರ್ಷಗಳಲ್ಲಿ ಕಲ್ಯಾಣಮಂಟಪ, ಸಮುದಾಯ ಭವನ, ಗೋದಾಮುಗಳಿಗೆ ಉಕ್ಕಿನ ಕಂಬ, ಉಕ್ಕಿನ ಟ್ರಸ್, ಮೇಲೆ ತಗಡು ಹಾಕುವ ಪದ್ಧತಿ ಬೆಳೆದಿದೆ. ಉಕ್ಕು ಉರಿಯುವುದಿಲ್ಲವೆಂಬ ಧೈರ್ಯ ಇದರ ಹಿಂದಿದೆ. ಹೊದಿಕೆಯಿಲ್ಲದ ತೆಳು ಉಕ್ಕು ಕುಲುಮೆಯ ಶಾಖದಲ್ಲಿ ಅರ್ಧ ಗಂಟೆಯೂ ಭಾರ ಹೊರದೆ ಬಾಗುತ್ತದೆ.

ಮಾಡಿನ ಅತಿ ಕೆಳಗಿನ ಅಂಗ ನೆಲದಿಂದ 6.7 ಮೀಟರ್ ಅಥವಾ ಹೆಚ್ಚು ಎತ್ತರದಲ್ಲಿದ್ದರೆ ಮಾಡಿಗೆ ನಿರೋಧ ಅವಧಿಯನ್ನು ಸಂಹಿತೆ ಕೇಳುವುದಿಲ್ಲ. ಅಷ್ಟು ಎತ್ತರಕ್ಕೆ ನೆಲದ ಬೆಂಕಿಯ ಶಾಖ ತಡವಾಗಿ ಮುಟ್ಟುತ್ತದೆ ಎಂಬುದು ಇದರ ಹಿಂದಿನ ತರ್ಕ. ಈ ವಿನಾಯಿತಿ ಮಾಡಿಗೆ ಮಾತ್ರ. ಅದನ್ನು ಹೊತ್ತ ಕಂಬಕ್ಕೆ ವಿಧ-4ರಲ್ಲಿಯೂ 60 ನಿಮಿಷ ಬೇಕು. ಒಟ್ಟು 500 ಚದರ ಮೀಟರ್ ಮತ್ತು ಅದಕ್ಕಿಂತ ಹೆಚ್ಚು ವಿಸ್ತೀರ್ಣದ ಕಟ್ಟಡಗಳಲ್ಲಿ ಭಾರ ಹೊರುವ ಉಕ್ಕಿನ ಕಂಬ, ತೊಲೆಗಳಿಗೆ ಅಗ್ನಿರಕ್ಷಣೆ ಒದಗಿಸಬೇಕೆಂದು ಸಂಹಿತೆ ಪ್ರತ್ಯೇಕವಾಗಿಯೂ ಹೇಳಿದೆ. ಸೊಬಗಿಗೆಂದು ಮಾಡಿನಡಿ ಕಟ್ಟುವ ಬಟ್ಟೆ, ಥರ್ಮೋಕೋಲ್‌ಗಳು ಈ ಲೆಕ್ಕವನ್ನೆಲ್ಲ ತಲೆಕೆಳಗು ಮಾಡಬಲ್ಲವು. ಅವು ನಕ್ಷೆಯಲ್ಲಿ ಕಾಣಿಸುವುದೂ ಇಲ್ಲ.

ಉಪಯೋಗದೊಡನೆ ಸಂಬಂಧ

ವಿಧವನ್ನು ತಿಳಿಯುವುದು ಅದನ್ನು ಕಟ್ಟಡದ ಉಪಯೋಗದೊಡನೆ ತಾಳೆ ನೋಡುವುದಕ್ಕಾಗಿ. ಸಂಹಿತೆ ವಾಸ, ಶಿಕ್ಷಣ, ಸಭೆ, ವ್ಯಾಪಾರ, ದಾಸ್ತಾನು ಎಂದು ಮುಂತಾಗಿ ಉಪಯೋಗಗಳನ್ನು ಗುಂಪು ಮಾಡಿದೆ. 20 ಮತ್ತು ಹೆಚ್ಚು ವಿದ್ಯಾರ್ಥಿಗಳು ಸೇರುವ ಸ್ಥಳ ಶಿಕ್ಷಣದ ಗುಂಪಿಗೂ, 50 ಮತ್ತು ಹೆಚ್ಚು ಜನ ಕೂಡುವ ಸ್ಥಳ ಸಭೆಯ ಗುಂಪಿಗೂ ಸೇರುತ್ತದೆ. ವಿಧ-1ರಿಂದ 4ಕ್ಕೆ ಇಳಿದಂತೆ ಕಟ್ಟಬಹುದಾದ ಒಟ್ಟು ವಿಸ್ತೀರ್ಣವೂ ಇಳಿಯುತ್ತದೆ. ಒಂದೇ ವಿಧದ ಕಟ್ಟಡದಲ್ಲಿ ವಾಸಕ್ಕೆ ಸಿಗುವಷ್ಟು ವಿಸ್ತೀರ್ಣ ಸಭಾಭವನಕ್ಕೆ ಸಿಗದು. 15 ಮೀಟರ್ ಮತ್ತು ಅದಕ್ಕಿಂತ ಎತ್ತರದ ಕಟ್ಟಡಗಳಿಗೆ ಉರಿಯದ ಸಾಮಗ್ರಿಯೇ ಕಡ್ಡಾಯ, ಹಳ್ಳಿಗಳಲ್ಲಿ ಅವು ವಿರಳ.

ಒಂದೇ ಕಟ್ಟಡದಲ್ಲಿ ಎರಡು ಉಪಯೋಗಗಳಿದ್ದರೆ ಹೆಚ್ಚು ಅಪಾಯದ ಉಪಯೋಗಕ್ಕೆ ಅನ್ವಯಿಸುವ ನಿಯಮವೇ ಇಡೀ ಕಟ್ಟಡಕ್ಕೆ ಅನ್ವಯಿಸುತ್ತದೆ. ಅಪಾಯದ ಭಾಗವನ್ನು 240 ನಿಮಿಷದ ಗೋಡೆಯಿಂದ ಬೇರ್ಪಡಿಸಿದ್ದಲ್ಲಿ ಮಾತ್ರ ಎರಡನ್ನೂ ಪ್ರತ್ಯೇಕವಾಗಿ ಪರಿಗಣಿಸಬಹುದು. ಮೇಲೆ ಹೇಳಿದ ಅಂಗಡಿ-ಮನೆಗೆ ಈ ನಿಯಮ ನೇರವಾಗಿ ತಾಗುತ್ತದೆ.

ಅರ್ಜಿ ಮುಂದೆ ಬಂದಾಗ

ನಿರೋಧ ಅವಧಿಯನ್ನು ಲೆಕ್ಕ ಹಾಕುವುದು ಅರ್ಹ ಎಂಜಿನಿಯರರ ಕೆಲಸ. ಸದಸ್ಯರು ಆ ಹೊಣೆಯನ್ನು ಹೊರಬೇಕಾಗಿಲ್ಲ. ಲೆಕ್ಕ ಆಗಿದೆಯೇ ಎಂದು ಕೇಳುವುದು ಮಾತ್ರ ಅವರ ಅಧಿಕಾರದಲ್ಲಿದೆ. ನಕ್ಷೆಯಲ್ಲಿ ಗೋಡೆಯ ದಪ್ಪ ಮತ್ತು ಸಾಮಗ್ರಿ, ಕಂಬದ ಎರಡೂ ಬದಿಯ ಅಳತೆ, ತಾರಸಿಯ ದಪ್ಪ, ಕವರ್, ಮಾಡಿನ ಸಾಮಗ್ರಿ ಮತ್ತು ಎತ್ತರ ನಮೂದಾಗಿವೆಯೇ, ಇವುಗಳ ಆಧಾರದ ಮೇಲೆ ಯಾವ ವಿಧವೆಂದು ಎಂಜಿನಿಯರ್ ಸಹಿ ಹಾಕಿ ದೃಢೀಕರಿಸಿದ್ದಾರೆಯೇ ಎಂಬುದನ್ನು ಓದು ಬಲ್ಲ ಯಾವ ಸದಸ್ಯರೂ ನೋಡಬಹುದು. ಸಾರ್ವಜನಿಕ ಕಟ್ಟಡಗಳಿಗೆ ಬರಿಯ ‘ಪಕ್ಕಾ’ ಎಂಬ ನಮೂದನ್ನು ಒಪ್ಪದಿರುವುದೇ ಲೇಸು. ಅಂಗನವಾಡಿ, ಸಮುದಾಯ ಭವನ ಮುಂತಾದ ಪಂಚಾಯಿತಿಯದೇ ಕಟ್ಟಡಗಳಿಗೆ ಈ ಕಟ್ಟುನಿಟ್ಟನ್ನು ಮೊದಲು ಅನ್ವಯಿಸಬೇಕು. ತನ್ನ ಕಟ್ಟಡದಲ್ಲಿ ಸಡಿಲ ಬಿಟ್ಟು ಊರವರ ಕಟ್ಟಡದಲ್ಲಿ ಬಿಗಿ ಹಿಡಿಯುವುದು ನಡೆಯದ ಮಾತು.

ಅನುಮತಿ ನೀಡಿದ ನಂತರ ನಕ್ಷೆಯ ಒಂದು ಪ್ರತಿ ಪಂಚಾಯಿತಿಯ ಕಡತದಲ್ಲಿ ಉಳಿಯಬೇಕು. ಕಾಂಕ್ರೀಟಿನೊಳಗೆ ಮುಚ್ಚಿಹೋದ ಸರಳನ್ನೂ ಗಾರೆಯೊಳಗಿನ ಗೋಡೆಯನ್ನೂ ಹೊರಗಿನಿಂದ ನೋಡಿ ಅಳೆಯಲಾಗದು. ಹತ್ತು ವರ್ಷದ ನಂತರ ಅದೇ ಮಾಲೀಕರು ಇನ್ನೊಂದು ಮಹಡಿಗೋ ನೆಲಮಹಡಿಯ ಅಂಗಡಿಗೋ ಅರ್ಜಿ ಕೊಟ್ಟಾಗ, ಆ ಕಟ್ಟಡದ ವಿಧವನ್ನು ಗೋಡೆ ಒಡೆಯದೆ ತಿಳಿಯಲು ಇರುವ ಸುಲಭದ ದಾರಿ ಆ ಹಳೆಯ ಹಾಳೆಯೊಂದೇ.